ಶಾಂತಪ್ಪನವರ ಮಾಸಲು ನೀಲಕಂಠ

“ಅಮ್ಮಾ, ಫೋಟೋದಲ್ಲಿರೋ ಆ ಬರ್ಡ್ ಬ್ಲೂ ಅಲ್ವಾ? ಮತ್ತೆ ಶಾಂತಪ್ಪ ಅಂಕಲ್ ಯಾಕೆ ಬ್ರೌನ್ ಅಂತಾರೆ?”

ಪಕ್ಕದ ಶಾಂತಪ್ಪನವರ ಮನೆಯಿಂದ ಹೊರಟು ಬೂಟು ಹಾಕಿಕೊಳ್ಳುತ್ತ ಐದು ವರ್ಷದ ಸಿಂಚನಾ ಕೇಳಿದಳು. ಅಂಕಿತಾ ಮಗಳಿಗೆ ಏನೋ ಒಂದು ಹೇಳಿ ಬಾಯಿ ಮುಚ್ಚಿಸಿದಳು. ಆದರೆ ಕುಕ್ಕರ್ ಮೂರು ಸಲ ಕೂಗಿದರೂ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ.

ವಿಜಾಪುರದ ಕಡೆಯ ಶಾಂತಪ್ಪ ಲಂಡನ್ನಿನ ಹೇಸ್‌ನ ಗೋದಾಮಿನಲ್ಲಿ ಇಪ್ಪತ್ತಾರು ವರ್ಷ ಪೆಟ್ಟಿಗೆ ಎತ್ತಿದವರು. 2002ರಲ್ಲಿ ನಿವೃತ್ತರಾದದ್ದೇ ತಡ, ಹೆಂಡತಿ ನಾಗವ್ವನನ್ನು ಕರೆದುಕೊಂಡು ಕೀನ್ಯಾಕ್ಕೆ ಸಫಾರಿ ಹೋದರು. ಜೀಪಿನಲ್ಲಿದ್ದವರೆಲ್ಲ ಸಿಂಹದ ಕಡೆ ಕ್ಯಾಮೆರಾ ತಿರುಗಿಸಿದರೆ, ಇವರು ಗೈಡ್ ಹೆಸರು ಹೇಳಿ ತೋರಿಸಿದ ಒಣಕೊಂಬೆಯ ಮೇಲಿನ ಹಕ್ಕಿಗೆ ಗುರಿಯಿಟ್ಟರು. ನೇರಳೆ ಎದೆ, ನೀಲಿ ರೆಕ್ಕೆಯ ಆಫ್ರಿಕದ ನೀಲಕಂಠ. ದಸರೆಯ ದಿನ ನೀಲಕಂಠ ಕಂಡರೆ ಒಳ್ಳೆಯದೆಂದು, ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಜೋಳದ ಹೊಲವೆಲ್ಲ ಹುಡುಕಿದವರು ಅವರು. ಅದರ ನೆಂಟನಿಗಾಗಿ ಹನ್ನೊಂದು ಫಿಲ್ಮ್ ರೋಲು ಮುಗಿಸಿ ಬಂದಿದ್ದರು.

ಫೋಟೋ ಕೈಗೆ ಬಂದಾಗ ಮುಖ ಸಪ್ಪಗಾಯಿತು; ಅಂಕಿತಾಳಿಗೂ ತೋರಿಸಿದರು. “ಅಂಗಡ್ಯಾಂವ ಹಾಳ ಮಾಡ್ಯಾನ್ ಯವ್ವಾ. ಎಲ್ಲಾ ಚಹಾದಾಗ ಅದ್ದಿ ತಗದಂಗ ಅದಾವ.”

ಎರಡು ಸಲ ಮತ್ತೆ ಪ್ರಿಂಟ್ ಹಾಕಿಸಿ ತಂದರು. ಮೂರನೆಯ ಸಲ ಹೊರಟಾಗ ನಾಗವ್ವ, “ನಿಮ್ಮನ್ನ ಕಂಡ್ರ ಆಂವ ಶಟರ್ ಎಳೀತಾನ ನೋಡ್ರಿ” ಎಂದು ನಕ್ಕರು. ಶಾಂತಪ್ಪ ನಗಲಿಲ್ಲ. “ಈ ವಿದ್ಯಾ ನನಗ ಬರಂಗಿಲ್ಲ ಬಿಡು” ಎಂದು ಕ್ಯಾಮೆರಾವನ್ನು ಅಟ್ಟದ ಮೇಲಿಟ್ಟರು.

ಸಿಂಚನಾ ಆ ಪ್ರಶ್ನೆ ಕೇಳಿದ ಮರುದಿನ ಅಂಕಿತಾ ಮಗಳ ಶಾಲೆಯ ಕಾರ್ಡಿಗನ್ ಹಿಡಿದು ಅವರ ಮನೆಗೆ ಹೋದಳು.

“ಅಂಕಲ್, ಇದ್ಯಾವ ಬಣ್ಣ ಹೇಳಿ?”

“ಬೂದಿ.”

“ಅಯ್ಯ ಶಿವನೇ! ನೀಲಿ ಅದ!” ಅಡುಗೆಮನೆಯಿಂದ ನಾಗವ್ವ ಕೂಗಿದರು. “ಅದಕ್ಕ ದಿನಾ ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಸಾಕ್ಸು!”

“ಫೋಟೋ ಚೆನ್ನಾಗೇ ಬಂದಿದೆ ಅಂಕಲ್. ಮಂಜಾಗಿರೋದು ನಿಮ್ಮ ಕಣ್ಣು.”

“ಸಫಾರಿಯಾಗೂ ಆ ಹಕ್ಕಿ ಹಂಗ ಕಂಡಿತ್ತು... ಧೂಳ ಅಂದ್ಕೊಂಡೆ. ಫೋಟೋದಾಗ ಬಣ್ಣ ಬರ್ತದಂತ ಬಟನ್ ಒತ್ಗೋತ ಹೋದೆ.” ಅವರ ದನಿ ಇಳಿಯಿತು. “ಕಣ್ಣೇ ಹೋತಂದ್ರ?”

ಅಂಕಿತಾ ಸಮಾಧಾನದ ಮಾತು ಹುಡುಕುತ್ತ ಕೂರಲಿಲ್ಲ. ಅಲ್ಲೇ ಫೋನೆತ್ತಿ ಅವರ ಜಿಪಿ ಡಾಕ್ಟರ ಬಳಿ ಸಮಯ ಗೊತ್ತುಮಾಡಿದಳು. ಕಣ್ಣಿನ ಪೊರೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಆಪರೇಷನ್ನಿನ ದಿನ ತಿಳಿಸುವ ಆಸ್ಪತ್ರೆಯ ಪತ್ರಕ್ಕೆ ಐದು ತಿಂಗಳು ಕಾದರು. ಅಷ್ಟರಲ್ಲಿ ಶಾಂತಪ್ಪ ಎರಡು ಸಲ “ಆಪರೇಷನ್ ಬ್ಯಾಡ” ಎಂದರು; ಎರಡು ಸಲವೂ ಸಿಂಚನಾ ಆಲ್ಬಮ್ ತೆರೆದು, “ಬ್ಲೂ. ಪರ್ಪಲ್. ಗ್ರೀನ್” ಎಂದು ಬೆರಳಿಟ್ಟು ಓದಿಸಿದಳು.

ಆಪರೇಷನ್ನಿನ ಹಿಂದಿನ ಸಂಜೆ ಶಾಂತಪ್ಪ ಬೇಲಿಯ ಆಚೆಯಿಂದ ಕರೆದು, ನೀಲಕಂಠದ ಫೋಟೋವನ್ನು ಅಂಕಿತಾಳ ಕೈಗಿಟ್ಟರು.

“ನಾಡದು ಮುಂಜಾನೆ ಕಣ್ಣಪಟ್ಟಿ ಬಿಚ್ಚತಾರ. ಕೂಸಿನ್ನ ಕರ್ಕೊಂಡ ಬಾರವ್ವ. ಬಿಚ್ಚಿದ ಕೂಡ್ಲೇ ಆಕಿ ಇದನ್ನ ನನ್ನ ಮುಂದ ಹಿಡೀಲಿ.” ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. “ನಾಗವ್ವಗ ಮಾತ್ರ ಹೇಳಬ್ಯಾಡ. ಮೊದಲ ಆಕಿ ಮಾರಿನ ನೋಡ್ತೀನಂತ ಮಾತ ಕೊಟ್ಟೀನಿ.”