ಏಳನೆ ಮೆಟ್ಟಿಲ ಕಾಫಿ

ನಮ್ಮ ಮನೆಯ ನೆಲಮಾಳಿಗೆಗೆ ಇಳಿಯಲು ಹನ್ನೊಂದು ಮೆಟ್ಟಿಲು. ಕಾಫಿ ಲೋಟ, ತಿಂಡಿ ತಟ್ಟೆ ಮೇಲಿನಿಂದ ಏಳನೆಯದರವರೆಗೆ ಬರಬಹುದು, ಅದರಿಂದ ಕೆಳಗೆ ಬರಕೂಡದು. ಇದು ನನ್ನ ಅಣ್ಣ ತೌನೊ ಮಾಡಿದ ಕಾನೂನು. ಅಮೆರಿಕದ ಸುಪೀರಿಯರ್ ಸರೋವರದ ಈ ದಡದ ಫಿನ್ನಿಶ್ ಜನ ನಾವು, ದಿನಕ್ಕೆ ಐದು ಸಲ ಕಾಫಿ ಕುಡಿಯುವವರು. ಸಾವಿನ ಮನೆಯಲ್ಲೂ ಮೊದಲು ಕಾಫಿ, ಆಮೇಲೆ ಅಳು. ಅಂಥ ಊರಿನಲ್ಲಿ ಪಾದ್ರಿಯೇ ಬಂದರೂ ಏಳನೆ ಮೆಟ್ಟಿಲ ಮೇಲೆ ಮುದುರಿ ಕೂತು ಕುಡಿದು ಮುಗಿಸಿ, ಕೈ ತೊಳೆದು ಕೆಳಗಿಳಿಯಬೇಕು. ಮೂವತ್ತು ವರ್ಷದಿಂದ ಆ ಮೆಟ್ಟಿಲಿಗೆ ಕಾಫಿ ಹೊತ್ತು ನನ್ನ ಮಂಡಿ ಸವೆದಿದೆ. ನನ್ನ ಹೆಸರು ಲೆಂಪಿ, ನಮ್ಮ ಭಾಷೆಯಲ್ಲಿ ಪ್ರೀತಿ ಅಂತ ಅರ್ಥ. ಹೆಸರಿಟ್ಟವರಿಗೆ ನನ್ನ ಸಿಡುಕು ಗೊತ್ತಿರಲಿಲ್ಲ.

ತೌನೊ ತಾಮ್ರದ ಗಣಿಯ ಲೇತ್ ಶಾಪಿನಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ನೆಲಮಾಳಿಗೆಯಲ್ಲಿ ಬೆಂಚು ಹಾಕಿಕೊಂಡು ಊರವರ ಕೋವಿ ರಿಪೇರಿ ಮಾಡತೊಡಗಿದ. ಹಳೆ ನಳಿಗೆ ಸವೆದರೆ ಹೊಸದನ್ನು ಮನೆಯಲ್ಲೇ ಕೂರಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಕೂರಿಸುವುದು ಸುಲಭ, ಅಳತೆ ಕಷ್ಟ. ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡೇ ಬೋಲ್ಟು; ಅದು ಮುಚ್ಚಿದಾಗ ಕಾಡತೂಸಿಗೆ ಒಳಗೆ ಸಿಗುವ ಜಾಗದ ಉದ್ದವನ್ನು ಹೆಡ್‌ಸ್ಪೇಸ್ ಅನ್ನುತ್ತಾರೆ. ಅದು ಕಡಿಮೆಯಾದರೆ ಬೋಲ್ಟು ಮುಚ್ಚದು. ಹೆಚ್ಚಾದರೆ ಕಾಡತೂಸಿನ ಹಿತ್ತಾಳೆಯ ಕೊಳವೆ ಹಿಗ್ಗಿ ಬಿರಿದು, ಸಿಡಿದ ಗಾಳಿ ಗುರಿ ಇಟ್ಟವರ ಮುಖಕ್ಕೇ ನುಗ್ಗಬಹುದು. ಸರಿಗೂ ತಪ್ಪಿಗೂ ನಡುವೆ ಇರುವುದು ಒಂದೆರಡು ಕಾಗದದ ದಪ್ಪ.

ಅದನ್ನು ನೋಡಲು ತೌನೊ ಹತ್ತಿರ ಕಾಡತೂಸಿನ ಆಕಾರದ ಎರಡು ಉಕ್ಕಿನ ಗೇಜುಗಳಿವೆ. ಒಂದನ್ನಿಟ್ಟರೆ ಬೋಲ್ಟು ಮುಚ್ಚಬೇಕು, ಇನ್ನೊಂದನ್ನಿಟ್ಟರೆ ಮುಚ್ಚಕೂಡದು. ನಮ್ಮ ಮನೆಯಲ್ಲಿ ಅವಕ್ಕೆ ಹೂಂ, ಊಹೂಂ ಎಂದೇ ಹೆಸರು. ಊರಲ್ಲಿ ಯಾರು ಕೇಳಿದರೂ ಕೊಡುತ್ತಾನೆ, ಆದರೆ ಮೊದಲ ಗುಂಡು ಹಾರಿಸುವ ಮುಂಚೆ ಕೋವಿಯನ್ನು ತಂದು ಅವನಿಗೆ ತೋರಿಸಬೇಕು.

ಅಳೆಯದ ಮಾತು ಅವನ ಬಾಯಿಂದ ಬರುವುದಿಲ್ಲ. ನಾಳೆ ಹಿಮ ಬೀಳುತ್ತದಾ ಅಂದರೆ "ನಾಳೆ ನೋಡೋಣ" ಅನ್ನುತ್ತಾನೆ. ಇಪ್ಪತ್ತೇಳರ ವಯಸ್ಸಿನಲ್ಲಿ ಹುಡುಗಿಯೊಬ್ಬಳು "ನನ್ನನ್ನ ಸುಖವಾಗಿ ನೋಡ್ಕೊಳ್ತೀಯಾ?" ಅಂತ ಕೇಳಿದಾಗ "ಈಗ್ಲೇ ಹೇಗೆ ಹೇಳ್ಲಿ?" ಅಂದನಂತೆ. ಅವಳು ಬೇಕರಿಯವನನ್ನು ಮದುವೆಯಾಗಿ ದಪ್ಪಗೆ, ಸುಖವಾಗಿ ಇದ್ದಾಳೆ. ಇವನು ನನ್ನ ಪಾಲಿಗೆ ಉಳಿದ.

ಹೋದ ನವೆಂಬರಿನಲ್ಲಿ, ಜಿಂಕೆ ಬೇಟೆ ಶುರುವಾಗಲು ಮೂರು ದಿನ ಇರುವಾಗ, ಹಿಲ್ಕ ಬಂದಳು. ಅವಳ ಗಂಡ ಒನ್ನಿ ತೌನೊನ ಜೀವದ ಗೆಳೆಯ. ಜೂನ್‌ನಲ್ಲಿ ತೀರಿಕೊಂಡ. ಕಾಯಿಲೆಯ ನಡುವೆಯೇ, ಏಪ್ರಿಲ್‌ನಲ್ಲಿ, ತೌನೊನ ಗೇಜು ತರಿಸಿಕೊಂಡು ತನ್ನ ಗ್ಯಾರೇಜಿನಲ್ಲಿ ಹೆಂಡತಿಯ ಕೋವಿಗೆ ಹೊಸ ನಳಿಗೆ ಕೂರಿಸಿದ್ದ. ಒಂದು ಗುಂಡನ್ನೂ ಹಾರಿಸಿ ನೋಡಲಾಗಲಿಲ್ಲ.

"ಶನಿವಾರ ಇದನ್ನೇ ತಗೊಂಡು ಕಾಡಿಗೆ ಹೋಗೋದು" ಅಂದಳು ಹಿಲ್ಕ, ಕೋವಿಯನ್ನು ಮಗುವಿನಂತೆ ಅವುಚಿಕೊಂಡು. "ನಿನ್ನ ಕಾನೂನು ಅಂತ ತಂದಿದೀನಿ. ನೋಡು, ಆದ್ರೆ ಸ್ಪ್ಯಾನರ್ ಹಾಕ್ಬೇಡ. ನಳಿಗೆ ಹಿಡಿದಿರೋ ಆ ನಟ್ ಬಿಗಿದದ್ದು ಒನ್ನಿ ಕೈ. ಅವನು ಮಾಡಿದ ಕೊನೇ ಕೆಲ್ಸ, ಹಾಗೇ ಇರ್ಲಿ."

"ನೋಡ್ತೀನಿ."

"ಬಿಚ್ಚಲ್ಲ ಅಂತ ಮಾತು ಕೊಡು."

"ನೋಡ್ದೆ ಹೇಗೆ ಮಾತು ಕೊಡ್ಲಿ?"

"ನೋಡಿದ್ಯಾ ಲೆಂಪಿ? ನಿಮ್ಮಣ್ಣನ ಬಾಯಿಂದ ಒಂದು ಮಾತು ತೆಗ್ಯೋದೂ ಒಂದೇ, ಮರಳಿಂದ ಎಣ್ಣೆ ತೆಗ್ಯೋದೂ ಒಂದೇ!"

ನೋಡುತ್ತ ನಿಲ್ಲಲು ತನ್ನಿಂದಾಗದು ಎಂದು ಹಿಲ್ಕ ಅಡುಗೆಮನೆಯಲ್ಲೇ ಕೂತಳು. ಟಾರ್ಚು ಹಿಡಿಯಲು ನಾನು ಕೆಳಗಿಳಿದೆ.

ಕೋವಿ ಖಾಲಿಯೆಂದು ಅವಳು ಹೇಳಿದ್ದರೂ ತೌನೊ ಕಣ್ಣಿಟ್ಟು ನೋಡಿದ, ಕಿರುಬೆರಳು ಹಾಕಿ ಮುಟ್ಟಿದ. ಬೋಲ್ಟನ್ನು ಹೊರತೆಗೆದು, ಅದರ ಸೂಜಿ, ಸ್ಪ್ರಿಂಗು, ಕೊಕ್ಕೆ ಎಲ್ಲವನ್ನೂ ಬಿಚ್ಚಿಟ್ಟ. ಅವು ಒಳಗಿದ್ದರೆ ಗೇಜು ಸರಿಯಾಗಿ ಕೂರುವುದಿಲ್ಲ, ಕೈಗೆ ಮೋಸವಾಗುತ್ತದೆ. ಆಮೇಲೆ ಬೋಲ್ಟಿನ ಮುಖವನ್ನು ಭೂತಗನ್ನಡಿಯ ಕೆಳಗೆ ಹಿಡಿದವನು ಹಾಗೇ ನಿಂತ.

ಉಗುರಿನ ಸಿಪ್ಪೆಯಷ್ಟು ತೆಳ್ಳಗೆ, ಅರೆಪಾರದರ್ಶಕವಾಗಿ ಏನೋ ಒತ್ತಿ ಅಂಟಿತ್ತು. ತೌನೊ ಅದನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ಬಿಳಿ ಕಾಗದದ ಮೇಲೆ ಇಳಿಸಿದ. ಬೋಲ್ಟಿನ ಮುಖವನ್ನೂ ನಳಿಗೆಯ ಒಳಗನ್ನೂ ಒರೆಸಿ, ಹೂಂ ಇಟ್ಟ. ಬೋಲ್ಟು ಮುಚ್ಚಿತು. ಊಹೂಂ ಇಟ್ಟು ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿದ. ಅದಕ್ಕೂ ಮುಚ್ಚಿತು. ಮುಚ್ಚಕೂಡದಿತ್ತು.

"ಒನ್ನಿನೂ ಎರಡನ್ನೂ ಹಾಕಿ ನೋಡಿರ್ತಾನೆ" ಅಂದ ತೌನೊ. "ಈ ಚೂರು ಅಂಟಿಕೊಂಡಿರೋವಾಗ ಊಹೂಂಗೆ ಮುಚ್ಚಿರಲ್ಲ. ಎಲ್ಲ ಸರಿಯಾಗಿದೆ ಅನ್ಸಿರತ್ತೆ ಅವನಿಗೆ. ಮೊದಲ್ನೇ ಗುಂಡಿಗೇ ಇದು ಪುಡಿಯಾಗಿ ಜಾಗ ಹೆಚ್ಚಾಗೋದು."

ನನಗೆ ಹಿಲ್ಕಳ ಮುಖ ನೆನಪಾಯಿತು. "ಸರಿ ಇದೆ ಅಂದ್ಬಿಡೋ" ಎಂದು ಪಿಸುಗುಟ್ಟಿದೆ. "ಇಲ್ಲೇ ಬಿಟ್ಟು ಹೋಗು ಅನ್ನು. ನಾಳೆ ನೀನೇ ಸರಿ ಮಾಡಿ ಕೊಟ್ಬಿಡು. ಯಾರಿಗೆ ಗೊತ್ತಾಗತ್ತೆ?"

"ಇದಕ್ಕೆ ಕೆನ್ನೆ ತಾಗಿಸೋಳು ಅವಳು. ಅವಳಿಗೆ ಗೊತ್ತಿರ್ಬೇಕು."

ಅವನು ಕರೆದ ಮೇಲೆ ಹಿಲ್ಕ ಇಳಿದು ಬಂದಳು. ತೌನೊ ಅವಳೆದುರಿಗೇ ಮತ್ತೊಮ್ಮೆ ಊಹೂಂ ಇಟ್ಟು ಮುಚ್ಚಿ ತೋರಿಸಿದ. ಮೂವತ್ತು ವರ್ಷ ಬೇಟೆಯಾಡಿದವಳು, ವಿವರಿಸುವುದೇ ಬೇಕಿರಲಿಲ್ಲ. ಕೆಂಪಾಗಿಬಿಟ್ಟಳು.

"ಒನ್ನಿ ತಪ್ಪು ಮಾಡೋನಲ್ಲ! ನಿನ್ನ ಗೇಜೇ ಸವೆದಿರ್ಬೇಕು. ಅವನು ಹೋದ್ಮೇಲೆ ಅವನ ಕೆಲಸಕ್ಕೆ ಹೆಸರಿಡ್ತೀಯಾ?"

 ನನ್ನಣ್ಣ "ಬೋಲ್ಟಿನ ಮುಖಕ್ಕೆ ಇದು ಅಂಟಿತ್ತು" ಎಂದು ಕಾಗದವನ್ನು ಅವಳ ಮುಂದೆ ಸರಿಸಿದ. ಅವಳು ಬಗ್ಗಿ ನೋಡಿದಳು, ಬೆರಳ ತುದಿಯಿಂದ ಮುಟ್ಟಿ ನೋಡಿದಳು.

"ಇದು ಸಕ್ಕರೆ" ಅಂದಳು.

ಸಕ್ಕರೆಯೇ. ಕಾಫಿಯ ಜೊತೆ ನಾವು ತಿನ್ನುವ ನಿಸು ಎಂಬ ಏಲಕ್ಕಿ ಬ್ರೆಡ್ಡಿನ ಮೇಲೆ ಉದುರಿಸುವ ದಪ್ಪ ಸಕ್ಕರೆ. ನಾನೂ ಜೀವಮಾನವೆಲ್ಲ ಉದುರಿಸಿದವಳೇ, ಆದರೂ ಗುರುತು ಹತ್ತಿರಲಿಲ್ಲ.

ಹಿಲ್ಕ ಮೆಟ್ಟಿಲ ಮೇಲೆ ಕೂತಳು. "ನಂದೇ ಇದು. ಗ್ಯಾರೇಜಿಂದ ಅಡುಗೆಮನೆವರೆಗೆ ನಡೆಯೋಕೂ ಆಗ್ತಿರ್ಲಿಲ್ಲ ಅವನಿಗೆ. ದಿನಾ ಮಧ್ಯಾಹ್ನ ಕಾಫಿ, ನಿಸು ಬೆಂಚಿಗೇ ಒಯ್ದು ಕೊಡ್ತಿದ್ದೆ. ಊಟ ಬಿಟ್ಟಿದ್ದ ಅಲ್ವಾ? ತಟ್ಟೆ ಮಾತ್ರ ಖಾಲಿ ಬರೋದು. ನನ್ನ ಸಮಾಧಾನಕ್ಕೆ ಅಂತ ನಿಸುನ ಗ್ಯಾರೇಜಿನ ಒಲೆಗೆ ಹಾಕ್ತಿದಾನೆ ಅಂದ್ಕೊಂಡಿದ್ದೆ. ಅವನು ಹೋದ್ಮೇಲೂ ಅದೇ ಕೊರೀತಿತ್ತು ನನ್ನ. ಕೊನೆಗಾಲದಲ್ಲಿ ಗಂಡನಿಗೆ ಒಂದು ತುತ್ತು ಸೇರೋ ಹಾಗೆ ಮಾಡೋಕೂ ಬರ್ಲಿಲ್ವಲ್ಲ ನಂಗೆ, ಅಂತ." ತಲೆಯೆತ್ತಿ ತೌನೊನನ್ನೇ ನೋಡಿದಳು. "ಇದು ಅವನ ಬೆರಳಿಗೆ ಅಂಟಿ ಬಂದಿರೋದು, ಅಲ್ವಾ? ತಿಂದ ಕೈಯಲ್ಲೇ ಕೆಲಸ ಮಾಡಿದಾನೆ. ತಿಂದಿದಾನೆ, ಅಲ್ವಾ ತೌನೊ?"

 ಪುಣ್ಯಾತ್ಮ ಈಗ "ಹೇಗೆ ಹೇಳ್ಲಿ" ಅನ್ನುತ್ತಾನೆ, ಹಾಗಂದರೆ ಇದೇ ಸ್ಪ್ಯಾನರಿನಿಂದ ತಲೆಗೆ ಕುಟ್ಟುತ್ತೇನೆ ಅಂದುಕೊಂಡೆ.

ತೌನೊ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಅವಳ ಅಂಗೈಯಲ್ಲಿಟ್ಟ.

"ತಿಂದಿದಾನೆ" ಅಂದ.

ಹಿಲ್ಕ ಅತ್ತಳು, ನಗುತ್ತಲೂ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಎದ್ದು, "ಕೊಡು ಸ್ಪ್ಯಾನರು. ಬಿಚ್ಚೋದಾದ್ರೆ ನಾನೇ ಬಿಚ್ತೀನಿ" ಅಂದಳು.

ಅವಳೇ ನಟ್ ಸಡಿಲಿಸಿದಳು. ಎಲ್ಲವನ್ನೂ ಮತ್ತೆ ಒರೆಸಿ, ಹೂಂ ಇಟ್ಟು ಬೋಲ್ಟು ಮುಚ್ಚಿ, ನಳಿಗೆ ಗೇಜಿಗೆ ತಾಗಿ ನಿಲ್ಲುವವರೆಗೆ ಬರಿಗೈಯಲ್ಲಿ ತಿರುಗಿಸಿದಳು. ನಟ್ ಬಿಗಿದಳು. ಬಿಗಿಯುವಾಗ ಅಳತೆ ಜರುಗುವುದುಂಟು, ಅದಕ್ಕೇ ತೌನೊ ಮತ್ತೆ ಎರಡನ್ನೂ ಹಾಕಿಸಿದ. ಹೂಂಗೆ ಮುಚ್ಚಿತು, ಊಹೂಂಗೆ ಮುಚ್ಚಲಿಲ್ಲ. ಬೋಲ್ಟನ್ನು ಮೊದಲಿನಂತೆ ಜೋಡಿಸಿ, ಇಬ್ಬರೂ ಊರಾಚೆಯ ಮರಳು ಗುಂಡಿಗೆ ಹೋಗಿ ಕೋವಿಯನ್ನು ಹಳೆ ಟೈರಿಗೆ ಕಟ್ಟಿ, ಮೊದಲ ಗುಂಡನ್ನು ದೂರದ ಗುಡ್ಡೆಯ ಮರೆಯಿಂದ ಹಗ್ಗ ಎಳೆದು ಹಾರಿಸಿದರು. ಖಾಲಿ ಕೊಳವೆಯನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ ಮೇಲೆಯೇ ತೌನೊ ಕೋವಿಯನ್ನು ಅವಳ ಕೈಗೆ ಕೊಟ್ಟದ್ದು.

ಅವಳ ಪಿಕಪ್ ರಸ್ತೆ ತಿರುಗಿದ ಮೇಲೆ ನಾನು ಅವನನ್ನು ಹಿಡಿದುಕೊಂಡೆ. "ಏನೋ, ಅಳೆಯದೆ ಮಾತಾಡಿದೆಯಲ್ಲ ಇವತ್ತು? ಸಕ್ಕರೆ ತಟ್ಟೆಯಿಂದ್ಲೂ ಉದುರಿರ್ಬಹುದು."

ತೌನೊ ಗೇಜುಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತುತ್ತಿದ್ದ. "ಒನ್ನಿನ ಐವತ್ತು ವರ್ಷ ನೋಡಿದೀನಿ" ಅಂದ. "ಹಿಲ್ಕ ಕೈಯ ನಿಸುನ ಒಲೆಗೆ ಹಾಕೋ ಮನುಷ್ಯ ಅಲ್ಲ ಅವನು. ಸಾಲ್ದಾ?"

ಸಾಕು ಅಂದೆ. ಇಬ್ಬರಿಗೂ ಕಾಫಿ ತಂದು ಏಳನೆ ಮೆಟ್ಟಿಲ ಮೇಲಿಟ್ಟೆ, ಮತ್ತು ಆವತ್ತು ಮೊದಲ ಸಲ ಗೊಣಗದೆ ಅಲ್ಲೇ ಅವನ ಪಕ್ಕ ಕೂತೆ.