ಅತ್ತೆ ನಿಲ್ಲಿಸಿದ ಮಾತ್ರೆ

ನಮ್ಮತ್ತೆಗೆ ವಾದದಲ್ಲಿ ಸೋತು ಗೊತ್ತಿಲ್ಲ. ಸಾದಲಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳುಗಳಿಂದ ಹಿಡಿದು ನನ್ನ ಗಂಡನವರೆಗೆ ಎಲ್ಲರೂ ಅವರು ಹಾಕಿದಾಗ ತಿಂದು, ಅವರು ಹೇಳಿದಾಗ ಮಲಗುವವರೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನೂ ಅದಕ್ಕೆ ಹೊರತಲ್ಲ.

ಅಂಥವರಿಗೆ ರಕ್ತದ ಕ್ಯಾನ್ಸರ್ ಎಂದಾಗ ಮನೆಯವರೆಲ್ಲ ಹೆದರಿದೆವು. ಡಾಕ್ಟರು ಮಾತ್ರ, "ಈ ಜಾತಿಯದಕ್ಕೆ ಒಳ್ಳೆ ಮಾತ್ರೆ ಇದೆ, ದಿನಾ ತಗೊಂಡ್ರೆ ಆಯ್ತು" ಎಂದರು. ನಮ್ಮ ದೇಹದಲ್ಲಿ ಬೇರೆ ಪ್ರೋಟೀನುಗಳಿಗೆ 'ಏಳಿ, ಕೆಲಸ ಶುರುಮಾಡಿ' ಎಂದು ಅಪ್ಪಣೆ ಕೊಡುವ ಕಿಣ್ವಗಳಿವೆ. ಅತ್ತೆಯ ರಕ್ತದಲ್ಲಿ ಅಂಥದ್ದೊಂದು ಕೆಟ್ಟು, ಬಾಯಿ ಮುಚ್ಚದೆ ಅಪ್ಪಣೆ ಕೊಡುತ್ತಲೇ ಇತ್ತು. ಬಿಳಿ ರಕ್ತಕಣಗಳು ಸಿಕ್ಕಾಪಟ್ಟೆ ಹುಟ್ಟುತ್ತಿದ್ದವು. ಮಾತ್ರೆ ಹೋಗಿ ಅದರ ಬಾಯಿ ಕಟ್ಟುತ್ತದೆ. ಇದನ್ನು ಮನೆಯಲ್ಲಿ ಬಿಡಿಸಿ ಹೇಳಿದಾಗ ನನ್ನ ಗಂಡ, "ಅಮ್ಮಂದೇ ರಕ್ತ ಅಲ್ವಾ, ಇನ್ನೇನು ಮಾಡುತ್ತೆ" ಎಂದು ಅತ್ತೆಯಿಂದ ಬೈಸಿಕೊಂಡರು.

ವರ್ಷ ಕಳೆದ ಮೇಲೆ ರಿಪೋರ್ಟು ಚೆನ್ನಾಗಿ ಬಂತು. ಅತ್ತೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಮುಂದಿನ ಪರೀಕ್ಷೆಯಲ್ಲಿ ಕಾಯಿಲೆ ಮತ್ತೆ ತಲೆಯೆತ್ತಿದಾಗಲೇ ನಮಗೆ ಗೊತ್ತಾಗಿದ್ದು. ತಕ್ಷಣ ಮತ್ತೆ ಶುರುಮಾಡಿ ಎಂದರು ಡಾಕ್ಟರು.

ಮನೆಗೆ ಬಂದವರೇ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಚ್ಚುತ್ತಾ ಕೇಳಿದರು: "ಹುಳ ಹಣ್ಣಾಗಿ ಗೂಡು ಕಟ್ಟೋಕೆ ನಿಂತ್ಮೇಲೆ ಯಾರಾದ್ರೂ ಸೊಪ್ಪು ಹಾಕ್ತಾರೇನಮ್ಮ? ಎತ್ತಿ ಬಿದಿರಿನ ಚಂದ್ರಿಕೆ ತಟ್ಟೆ ಮೇಲೆ ಬಿಡ್ತೀವಿ, ಮುಗೀತು. ವಾಸಿಯಾದ್ಮೇಲೆ ಮಾತ್ರೆ ಯಾಕೆ?"

ನಲವತ್ತು ವರ್ಷ ಹುಳು ಸಾಕಿದವರಿಗೆ ಅದು ಎಷ್ಟು ಸಹಜವಾದ ಲೆಕ್ಕ!

"ವಾಸಿಯಾಗಿರ್ಲಿಲ್ಲ ಅತ್ತೆ, ಆ ಕೆಟ್ಟ ಕಿಣ್ವ ಬಾಯಿ ಕಟ್ಟಿಸ್ಕೊಂಡು ಕೂತಿತ್ತು. ನೀವೇ ಬಿಚ್ಚಿಬಿಟ್ರಿ."

"ನಿನ್ನ ಪಾಠ ಸ್ಕೂಲಲ್ಲಿ ಹೇಳು ಹೋಗು. ನಾನು ನುಂಗಲ್ಲ."

ಸಿಟ್ಟು ನೆತ್ತಿಗೇರಿತು. ಕಿಣ್ವ ಗಿಣ್ವ ಎಲ್ಲ ಬದಿಗಿಟ್ಟು ಕೂಗಿಯೇಬಿಟ್ಟೆ: "ನಮ್ಮಮ್ಮನ್ನ ಕಳ್ಕೊಂಡು ಈ ಮನೆಗೆ ಬಂದೋಳು ನಾನು. ಇನ್ನೊಂದ್ಸಲ ನನ್ನ ಕೈಲಾಗಲ್ಲ!" ಮೂವತ್ತೈದರ ಟೀಚರಾದ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ನಾನು ಮೂಗೊರೆಸಿಕೊಂಡು ಒಳಗೆ ಹೋಗಿ, ಮಾತ್ರೆ ಮತ್ತು ನೀರಿನ ಲೋಟ ತಂದು ಮುಂದೆ ಹಿಡಿದೆ. ಅತ್ತೆ ಕೈ ತೊಳೆದುಕೊಂಡು ಬಂದು ಗೋಡೆಗೊರಗಿ ಕೂತರು.

"ಖಾಲಿ ಹೊಟ್ಟೇಲಿ ಕೊಡಬಾರ್ದು ಅಂತ ಡಾಕ್ಟ್ರು ಹೇಳಿಲ್ವೇನೇ? ಮೊದ್ಲು ಮುದ್ದೆ ಹಾಕು. ನಿಂಗೂ ಹಾಕ್ಕೊಂಡು ಬಾರಮ್ಮ."