ಹೂವಪ್ಪ ಕಾಕಾನ ವಿಲಾಯತಿ ಕಾರು

ಹತ್ತಿಗೆ ಬಂಗಾರದ ಬೆಲೆ ಬಂದ ವರ್ಷ ರೋಣದ ವ್ಯಾಪಾರಸ್ಥರು ಹೊಲ ಕೊಂಡರು, ಮನೆ ಕಟ್ಟಿಸಿದರು. ನಮ್ಮ ಹೂವಪ್ಪ ಕಾಕಾ ಮುಂಬಯಿಗೆ ಹೋಗಿ ಕಾರು ತಂದ. ಅದೂ ಎಂಥದು? ಹಡಗಿನಲ್ಲಿ ಬಂದ ಇಂಗ್ಲೆಂಡಿನ ಓಟದ ಕಾರು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ನಮ್ಮ ಎರೆಮಣ್ಣಿನ ದಾರಿಗೆ ಇದಕ್ಕಿಂತ ಎತ್ತಿನ ಬಂಡಿಯೇ ವಾಸಿ ಎಂದು ಮುಖದ ಮೇಲೇ ಹೇಳಿದೆ. ಕಾಕಾ ನಕ್ಕ. ಮಕ್ಕಳಿಲ್ಲದ ಮನೆ. ಸಂಜೆಯಾದರೆ ಹೆಂಡತಿ ಕಳಕವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬೆಳವಣಕಿಯವರೆಗೆ ಹೋಗಿಬರುವನು. ಹೊಸ್ತಿಲು ದಾಟದೆ ಬಾಳಿದ ನನ್ನ ಚಿಗವ್ವ, ಗಾಳಿಗೆ ಹಾರುವ ಸೆರಗು ಹಿಡಿದುಕೊಂಡು ಬಾಯ್ತುಂಬ ನಗುತ್ತಿದ್ದಳು. ಆ ನಗೆ ನೋಡಿದ ಮೇಲೆ ನಾನೂ ಬಾಯಿ ಮುಚ್ಚಿಕೊಂಡೆ.

ಐವತ್ತಾರರಲ್ಲಿ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಾರಿಗೂ ಹೊಸ ನಂಬರು ಬೇಕಾಯಿತು. ಅವರಿಬ್ಬರೂ ಕಾರಿನಲ್ಲಿ ನಂಬರು ಕೊಡುವ ಸರಕಾರಿ ಕಚೇರಿಗೆ ಹೋದರು. ಇಂಗ್ಲಿಷ್ ಬಲ್ಲ ಸಾಲಿ ಮಾಸ್ತರ ಎಂಬ ತಪ್ಪಿಗೆ ನಾನು ಬಸ್ಸಿನಲ್ಲಿ ಅವರ ಹಿಂದೆ ಹೋದೆ.

ಕಚೇರಿಯ ಸಾಹೇಬ ಕಾರಿನ ಬಾನೆಟ್ ಎತ್ತಿದ. ಕಾರು ತಯಾರಿಸುವಾಗಲೇ ಕಂಪನಿಯವರು ಒಳಗೊಂದು ಹಿತ್ತಾಳೆ ಪಟ್ಟಿ ಬಡಿದು ಅದರ ಮೇಲೆ ನಂಬರು ಕೆತ್ತಿರುತ್ತಾರಂತೆ. ಕಾಗದದಲ್ಲಿದ್ದ ನಂಬರು ಅದಕ್ಕೆ ತಾಳೆಯಾಗಬೇಕಂತೆ. ಪಟ್ಟಿ ಥಳಥಳ ಹೊಳೆಯುತ್ತಿತ್ತು. ಅದರ ಮೇಲೆ ಒಂದು ಅಂಕಿಯೂ ಇರಲಿಲ್ಲ.

ಕದ್ದ ಕಾರಿನವರೇ ಹೀಗೆ ನಂಬರು ಅಳಿಸುತ್ತಾರೆ ಎಂದು ಸಾಹೇಬ ಕಾಕಾನ ಮುಖ ನೋಡಿದ. ಆಗ ಚಿಗವ್ವ ಮುಂದೆ ಬಂದಳು.

"ತಿಕ್ಕಿದಾಕಿ ನಾನ್ರಿ. ಅಮಾಸಿಗೊಮ್ಮೆ ಗಾಡಿ ಪೂಜಿ ಮಾಡ್ತೀನ್ರಿ. ಹಿತ್ತಾಳಿ ಐತಲ್ಲ ಅಂತ ದೇವರ ಸಾಮಾನಿನ ಕೂಡ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೀನ್ರಿ."

ಐದು ವರ್ಷದ ಅಮಾವಾಸ್ಯೆಗಳು! ಸಾಹೇಬ ಕೆಟ್ಟವನಲ್ಲ, ಆಕೆಯ ಮಾತು ಒಪ್ಪಿದ. ಆದರೆ ಕಂಪನಿಯಿಂದ ಹೊಸ ಪಟ್ಟಿ ಬರುವತನಕ ಕಾರು ರಸ್ತೆಗಿಳಿಯಬಾರದು ಎಂದ. ಲಾರಿಯ ಮೇಲೇರಿಸಿ ಊರಿಗೆ ತಂದೆವು. ನಾನು ಇಂಗ್ಲೆಂಡಿಗೆ ಕಾಗದ ಬರೆದೆ. ಚಿಗವ್ವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಗಂಡನ ಆಸೆಯನ್ನು ಕೈಯಾರೆ ಹಾಳು ಮಾಡಿದೆ ಎಂದು ಕಂಡವರ ಮುಂದೆಲ್ಲ ಅಳುವಳು.

ನಾಲ್ಕು ತಿಂಗಳಿಗೆ ಉತ್ತರ ಬಂತು. ಅಂಗಳದಲ್ಲಿ ನಿಂತೇ ಓದಿದೆ. ಹಳೆಯ ಪಟ್ಟಿಯ ಮೇಲಿನ ನಂಬರನ್ನು ಕಾಗದಕ್ಕೆ ಅಚ್ಚೊತ್ತಿ ಕಳಿಸಿ, ಹೊಸದು ಕೊಡುತ್ತೇವೆ. ಅಚ್ಚಿಲ್ಲದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಿತ್ತು. ಸುಡಲಿ ಅವರ ಪದ್ಧತಿ! ಕಾಕಾನಿಗೆ ಮೆಲ್ಲಗೆ ತಿಳಿಸಿ ಹೇಳಿದೆ. ಅವನು ಕಾಗದ ಮಡಚಿ ಕಿಸೆಗಿಟ್ಟುಕೊಂಡ.

ಅಷ್ಟರಲ್ಲಿ ಚಿಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಏನು ಬರೆದಿದ್ದಾರೆ ಎಂದು ಕೇಳಿದಳು.

"ಕಳಸ್ತಾರಂತ," ಎಂದ ಕಾಕಾ. "ಸ್ವಲ್ಪ ತಡಾ ಆಗತೈತಂತ."

ಆಕೆ ನನ್ನ ಮುಖ ನೋಡಿದಳು. ನಾನೇನು ಮಾಡಲಿ? ಹೌದೆಂದು ತಲೆಯಾಡಿಸಿದೆ.

ಅಂದಿನಿಂದ ಆಕೆ ಅಳುವುದನ್ನು ಬಿಟ್ಟಳು, ಟಪಾಲಿನವನ ದಾರಿ ಕಾಯತೊಡಗಿದಳು. ಆಮೇಲೆ ಬದುಕಿದ್ದ ಹದಿನಾಲ್ಕು ವರ್ಷವೂ ಕಾದಳು.